ಕಡಿಯದೆ ಬಿಟ್ಟ ಕಾಯಿ

ಹುರುಳಿ ಕೇರುತ್ತ ಕೂತಿದ್ದಾಗ ಸುದ್ದಿ ಬಂತು. ಕೊಯಮತ್ತೂರಿನಲ್ಲಿ ಅಳಿಮಯ್ಯ ಹೋಗಿಬಿಟ್ಟರಂತೆ, ಎದೆನೋವಂತೆ, ಆಸ್ಪತ್ರೆಗೆ ಒಯ್ಯುವಷ್ಟು ಹೊತ್ತೂ ಕೊಡಲಿಲ್ಲವಂತೆ. ಹೇಳಿದವನು ತಾಳವಾಡಿ ಸಂತೆಗೆ ಹೊರಟಿದ್ದ. ಬೈಕು ನಿಲ್ಲಿಸಿ, ಒಂದು ಕಾಲು ನೆಲಕ್ಕೆ ಊರಿ, ಇಷ್ಟು ಹೇಳಿ ಹೋದ. ನಾನು ಮೊರ ಕೆಳಗಿಡಲಿಲ್ಲ. ಕೇರುವುದು ಮುಗಿಸಿ, ಕಲ್ಲು ಆರಿಸಿ, ಡಬ್ಬಕ್ಕೆ ಸುರಿದು, ಆಮೇಲೆ ಜಗಲಿಗೆ ಬಂದು ಎದುರು ಮನೆಯ ಬಾಗಿಲು ನೋಡಿದೆ. ಆ ಮನೆಯ ದೊಡ್ಡವ್ವ ತೀರಿಕೊಂಡು, ಆತ ಬೆಟ್ಟ ಇಳಿದು ಹೋದ ಮೇಲೆ ಅಲ್ಲಿ ಬೀಗ ತೂಗುತ್ತಿದೆ. ಆದರೂ ಹೊಸ್ತಿಲ ಹೊರಗೆ ಚಪ್ಪಲಿ ಬಿಟ್ಟು, ತಲೆ ತಗ್ಗಿಸಿ ಒಳಗೆ ಹೋಗುವ ಒಂದು ಬೆನ್ನು ನನಗೆ ಆಗಾಗ ಕಾಣುತ್ತದೆ. ಅದು ಕಂಡಾಗ ನಾನು ಕಣ್ಣು ಉಜ್ಜಿಕೊಳ್ಳುವುದಿಲ್ಲ. ಹೋಗಲಿ ಎಂದು ಬಿಡುತ್ತೇನೆ.

ಆತನಿಗೆ ತಂದೆತಾಯಿ ಇಟ್ಟ ಹೆಸರಿತ್ತು. ನಾವ್ಯಾರೂ ಅದನ್ನು ಬಾಯಲ್ಲಿ ಹೇಳಿದವರಲ್ಲ. ನಮ್ಮ ಕೇರಿಯ ಮಗಳನ್ನು ಮದುವೆಯಾದವರು ಕೇರಿಗೆಲ್ಲ ಅಳಿಮಯ್ಯನೇ. ದೊಡ್ಡವ್ವನಿಗೆ ಒಬ್ಬಳೇ ಮಗಳು. ಕೊಯಮತ್ತೂರಿನಲ್ಲಿ ಕನ್ನಡ ಮಾತಾಡುವ ಮನೆಯೊಂದಕ್ಕೆ ಕೊಟ್ಟಿದ್ದರು. ಆತನ ಕನ್ನಡಕ್ಕೆ ತಮಿಳಿನ ಎಳೆತವಿತ್ತು. ನಮ್ಮ ಮಾತು ಕೇಳಿ ಕೇಳಿ ಕೊನೆಗೆ ಎರಡೂ ಅಲ್ಲದ ಒಂದು ಹದಕ್ಕೆ ಬಂದಿತ್ತು. ಹೆಂಡತಿಗೆ ಕಾಯಿಲೆ ಬಲಿತು, ಇನ್ನು ಔಷಧಿ ಸಾಕು, ಅವ್ವನ ಮನೆಗೆ ಕರೆದುಕೊಂಡು ಹೋಗು ಎಂದು ಆಕೆ ಕೇಳಿಕೊಂಡಾಗ ಆತನೇ ಕಾರು ಓಡಿಸಿಕೊಂಡು ಬಂದ. ಬಂದ ಕೆಲವೇ ದಿನಕ್ಕೆ ಆಕೆ ಹೋದಳು. ತಿಥಿ ಮುಗಿದು ನೆಂಟರೆಲ್ಲ ಹೊರಟರು. ಅಳಿಮಯ್ಯ ಹೊರಡಲಿಲ್ಲ.

ಹೆಂಡತಿಯಿಲ್ಲದ ಅಳಿಯ ಅತ್ತೆಯ ಮನೆಯಲ್ಲಿ ಉಳಿಯುವುದನ್ನು ನಮ್ಮೂರು ಕಂಡಿರಲಿಲ್ಲ. ಹಾಲಿನ ಡೈರಿಯ ಹತ್ತಿರ ಒಬ್ಬ ಹಿರಿಯರು ನೇರವಾಗಿ ಕೇಳಿಯೇಬಿಟ್ಟರು.

"ಏನ್ ಅಳಿಮಯ್ಯ, ಬೆಟ್ಟ ಇಳ್ಯಾ ದಾರಿ ಮರ್ತೋಯ್ತಾ?"

"ಇಲ್ಲಿ ಇಂಟರ್ನೆಟ್ಟು ನಿಧಾನ ಮಾವ," ಎಂದ ಆತ. "ಅಲ್ಲಿ ಎಲ್ಲಾ ಬೇಗ ಬೇಗ ಮುಗ್ದೋಗತ್ತೆ."

ಮಾವನಿಗೆ ಅದು ಅರ್ಥವಾಯಿತೋ ಇಲ್ಲವೋ, ಇನ್ನೊಮ್ಮೆ ಕೇಳಲಿಲ್ಲ.

ಆ ಮನೆಯಲ್ಲಿ ಇನ್ನೊಂದು ತೊಡಕಿತ್ತು. ನಮ್ಮ ಹಳಬರಲ್ಲಿ ಅತ್ತೆಯಾದವಳು ಅಳಿಯನ ಎದುರು ಕೂರುವುದಿಲ್ಲ, ನೇರವಾಗಿ ಮಾತಾಡಿಸುವುದೂ ಇಲ್ಲ. ನಡುವೆ ಮಗಳು ಇದ್ದಾಗ ಮಾತು ಆಕೆಯ ಮೂಲಕ ಹೋಗುತ್ತಿತ್ತು. ಈಗ ನಡುವೆ ಯಾರೂ ಇಲ್ಲ. ಹಾಗಾಗಿ ನಾನು ಸಿಕ್ಕಿಕೊಂಡೆ. ಬೆಳಿಗ್ಗೆ ಬಾಗಿಲಿಗೆ ನೀರು ಹಾಕುವಾಗ ದೊಡ್ಡವ್ವ ನನ್ನನ್ನು ಕರೆದು, ಅವರಿಗೆ ಸಾರಿಗೆ ಖಾರ ಹೆಚ್ಚಾಯಿತಾ ಕೇಳು ಎನ್ನುತ್ತಿದ್ದಳು. ಆತ ಒಳಗಿನಿಂದ ಕೇಳಿಸಿಕೊಂಡು, ಇಲ್ಲ ಅಂತ ಹೇಳಿ ಅಕ್ಕ ಎನ್ನುತ್ತಿದ್ದ. ನಾನು ಇಲ್ಲದಾಗ ನಡುಮನೆಯ ಕಂಬ ನನ್ನ ಕೆಲಸ ಮಾಡುತ್ತಿತ್ತು. ಒಮ್ಮೆ ಮೊಸರು ಕೇಳಲು ಹೋದಾಗ ದೊಡ್ಡವ್ವ ಕಂಬದ ಕಡೆ ತಿರುಗಿ, "ಮುದ್ದ ಆಗದ. ಉಣ್ಣೋರು ಉಣ್ಬೌದು," ಎನ್ನುತ್ತಿದ್ದಳು. ಆತನೂ ಅದೇ ಕಂಬಕ್ಕೆ, "ಕೈ ತೊಳ್ಕೊಂಡು ಬಂದೆ," ಎಂದ. ಇಬ್ಬರ ಮುಖದಲ್ಲೂ ನಗುವಿನ ಸುಳಿವೇ ಇರಲಿಲ್ಲ. ನಾನು ಮೊಸರಿನ ಬಟ್ಟಲು ಹಿಡಿದುಕೊಂಡು ಹೊರಗೆ ಬಂದು ನಕ್ಕೆ.

ಆತನ ಕೆಲಸ ಏನೆಂದು ಊರಿಗೆ ತಿಳಿಯಲು ಬಹಳ ದಿನ ಬೇಕಾಯಿತು. ಕೊಯಮತ್ತೂರಿನ ಒಂದು ಚಿಕ್ಕ ಕಂಪನಿ ಫೋನಿನಲ್ಲಿ ಆಡುವ ಆಟಗಳನ್ನು ಮಾಡುತ್ತಿತ್ತು. ಚೌಕಾಬಾರ, ಅಳಗುಳಿ, ಹುಲಿಕಟ್ಟು. ಈ ಆಟಗಳೊಳಗೆ ಹೋಗುವ ಬಾಗಿಲನ್ನು ರೂಪಿಸುವುದು ಆತನ ಪಾಲಿನ ಕೆಲಸ. ಫೋನ್ ನಂಬರು ಹಾಕಬೇಕು. ಆ ನಂಬರಿಗೆ ಮೆಸೇಜಿನಲ್ಲಿ ಒಂದು ಗುಟ್ಟಿನ ಸಂಖ್ಯೆ ಬರುತ್ತದೆ. ಅದನ್ನು ಒತ್ತಿದರೆ ಬಾಗಿಲು ತೆರೆಯುತ್ತದೆ. ಇಷ್ಟೇ ತಾನೆ ಎಂದೆ ನಾನು. "ಇಷ್ಟರಲ್ಲೇ ಅರ್ಧ ಜನ ವಾಪಸ್ ಹೋಗ್ಬಿಡ್ತಾರೆ ಅಕ್ಕ," ಎಂದ.

ಆ ಬಾಗಿಲನ್ನು ಆತ ನಮ್ಮ ಕೇರಿಯವರ ಮೇಲೆ ಪರೀಕ್ಷಿಸುತ್ತಿದ್ದ. ಹಳೆಯ ಕ್ಯಾಲೆಂಡರಿನ ಹಾಳೆಗಳ ಹಿಂಬದಿಯಲ್ಲಿ ಫೋನಿನ ಪರದೆಯಷ್ಟು ದೊಡ್ಡ ಚೌಕ ಬರೆದು, ಅದರೊಳಗೆ ಅಕ್ಷರ ತುಂಬಿ, ಜಗಲಿಯ ಮೇಲೆ ಹರಡುವನು. ಮೊದಲು ಕಾಗದ, ಆಮೇಲೆ ಫೋನು. ಯಾರಾದರೂ ಒತ್ತುವಾಗ ಅವರ ಮುಖ ನೋಡುತ್ತಿರಲಿಲ್ಲ, ಹೆಬ್ಬೆರಳು ನೋಡುತ್ತಿದ್ದ. ಬೆರಳು ಎಲ್ಲಿ ತಡೆಯಿತೋ ಅಲ್ಲಿ ತನ್ನ ತಪ್ಪಿದೆ ಎನ್ನುವುದು ಆತನ ಲೆಕ್ಕ. ನೋಡುವಾಗ ತನ್ನ ಹೆಬ್ಬೆರಳನ್ನೂ ತೋರುಬೆರಳಿಗೆ ಒತ್ತಿ ಹಿಡಿದಿರುತ್ತಿದ್ದ. ನಾನು ಕೊಟ್ಟ ಟೀ ಪಕ್ಕದಲ್ಲಿ ಕೆನೆಗಟ್ಟಿ ತಣ್ಣಗಾಗುವುದು. ಬಿಸಿ ಮಾಡಿಕೊಡುತ್ತೇನೆ ಎಂದರೆ ಬೇಡ ಎಂದು ಅದನ್ನೇ ಕುಡಿಯುವನು.

ನಮ್ಮವರ ತಡೆಗಳು ಒಂದೆರಡಲ್ಲ. ಹೆಂಗಸರಿಗೆ ತಮ್ಮ ನಂಬರೇ ಗೊತ್ತಿಲ್ಲ, ಗಂಡಂದಿರದನ್ನು ಹೇಳುವರು. ಗಂಡ ಹೊಲದಲ್ಲಿ, ಗುಟ್ಟಿನ ಸಂಖ್ಯೆ ಅವನ ಜೇಬಿನಲ್ಲಿ. ಒಳಮನೆಯಲ್ಲಿ ಸಿಗ್ನಲ್ ಇಲ್ಲ. ಜಗಲಿಗೆ ಬಂದು ಮೆಸೇಜು ಹಿಡಿಯುವಷ್ಟರಲ್ಲಿ ಹೊತ್ತು ಮೀರಿರುತ್ತದೆ. ತಮಿಳುನಾಡಿನ ಗಡಿಯೂರು ನಮ್ಮದು, ಕೆಲವು ಸಲ ನಮ್ಮ ಫೋನು ಕರ್ನಾಟಕದ ಟವರಿಗೆ ಜಿಗಿದು ಸುಮ್ಮನಾಗಿಬಿಡುತ್ತದೆ. ಅಳಿಮಯ್ಯ ಒಂದನ್ನೂ ಬಿಡದೆ ಗಮನಿಸುತ್ತಿದ್ದ. "ಕಾಯಿಸಬಾರದು. ಕಾಯಿಸಲೇಬೇಕು ಅಂದ್ರೆ ಯಾಕೆ ಅಂತ ಹೇಳಿ ಕಾಯಿಸ್ಬೇಕು," ಎನ್ನುತ್ತಿದ್ದ. ಪರದೆಯ ಮೇಲೆ ಸುಮ್ಮನೆ ಸುತ್ತುವ ಚಕ್ರದ ಜಾಗದಲ್ಲಿ, 'ಸಿಗ್ನಲ್ ಇರುವ ಕಡೆ ಬನ್ನಿ, ನಾವು ಕಾಯುತ್ತೇವೆ' ಎಂದು ಬರೆಸಿದವನು ಆತನೇ.

ಒಂದು ದಿನ ಆ ಡೈರಿಯ ಹಿರಿಯರನ್ನೇ ಕೂರಿಸಿದ. ನಂಬರು ಹಾಕಿದರು, ಮೆಸೇಜು ಬಂತು, ಓದಿದರು, ಫೋನು ಮಗುಚಿ ತೊಡೆಯ ಕೆಳಗೆ ಇಟ್ಟುಕೊಂಡು ಕೂತುಬಿಟ್ಟರು.

"ಯಾಕೆ ಮಾವ, ಒತ್ತಿ."

"ಯಾರ್ಗೂ ಏಳ್ಬ್ಯಾಡಿ ಅಂತ ಬರ್ದದ. ಇದ್ಕ ಮಾತ್ರ ಯಾಕ್ ಏಳಾನ?"

ಅಳಿಮಯ್ಯ ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ಹೆಂಡತಿ ಹೋದ ಮೇಲೆ ಆತ ನಕ್ಕದ್ದನ್ನು ನಾನು ಮೊದಲು ಕೇಳಿದ್ದು ಅವತ್ತು. ಒಳಗೆ ದೊಡ್ಡವ್ವ ಪಾತ್ರೆ ಉಜ್ಜುವುದನ್ನು ನಿಲ್ಲಿಸಿದ್ದೂ ನನಗೆ ಕೇಳಿಸಿತು.

ಈ ಬಾಗಿಲಿನ ಮೊದಲ ರೂಪವನ್ನು ಆತ ಕೊಯಮತ್ತೂರಿನಲ್ಲೇ ಮಾಡಿದ್ದ. ಆಗ ಮೊದಲು ನಂಬರು ಒತ್ತಿ ಒಳಗೆ ಹೋದವಳು ಹೆಂಡತಿ. ಫೋನು ಕಳೆದರೂ ಆಟ ಕಳೆಯಬಾರದು ಎಂಬುದು ಆಕೆಯ ಬೇಡಿಕೆಯಂತೆ. ಅದರಂತೆ ಆತ ಮಾಡಿದ. ಯಾವ ಫೋನಿನಲ್ಲಿ ಬೇಕಾದರೂ ನಿಮ್ಮ ನಂಬರು ಹಾಕಿ, ಗುಟ್ಟಿನ ಸಂಖ್ಯೆ ಒತ್ತಿ, ನೀವು ಬಿಟ್ಟ ಕಾಯಿ ಬಿಟ್ಟ ಮನೆಯಲ್ಲೇ ನಿಮಗಾಗಿ ಕಾದಿರುತ್ತದೆ. ಇದನ್ನು ಹೇಳುವಾಗ ಮಾತ್ರ ಆತನ ದನಿಯಲ್ಲಿ ಹೆಮ್ಮೆ ಇರುತ್ತಿತ್ತು.

ಅವ್ವನಿಗೂ ಒಂದು ಫೋನು ಕೊಡಿಸಿ, ಮಗಳು ಅದರಲ್ಲಿ ಚೌಕಾಬಾರ ಹಾಕಿಕೊಟ್ಟಿದ್ದಳು. ಅಲ್ಲಿಂದ ಒಬ್ಬಳು, ಇಲ್ಲಿಂದ ಒಬ್ಬಳು. ಅವಸರವಿಲ್ಲದ ಆಟ. ಒಬ್ಬರು ನಡೆಸಿದರೆ ಇನ್ನೊಬ್ಬರ ಫೋನು ಗುಂಯ್ ಎನ್ನುತ್ತದೆ. ಹಸು ಕರೆದು, ಒಲೆ ಹಚ್ಚಿ, ಬಿಡುವಾದಾಗ ನಡೆಸಬಹುದು. ಆಟ ಬಾರದವರಿಗೆ ಒಂದು ಮಾತು ಹೇಳಬೇಕು: ಚೌಕಾಬಾರದಲ್ಲಿ ಎದುರಾಳಿಯ ಒಂದು ಕಾಯನ್ನಾದರೂ ಕಡಿಯದೆ ಒಳಮನೆಗಳಿಗೆ ಹೋಗುವಂತಿಲ್ಲ, ಹೊರಗೇ ಸುತ್ತುತ್ತಿರಬೇಕು. ಮಗಳು ಕಡಿಯುವುದರಲ್ಲಿ ಗಟ್ಟಿಗಿತ್ತಿ. ಅವ್ವನದಾದರೂ ಸರಿ, ಬಿಡುತ್ತಿರಲಿಲ್ಲ.

ಕೊನೆಯ ಸಲ ಬೆಟ್ಟ ಹತ್ತಿ ಬರುವಾಗ ದಿಂಬಂನಲ್ಲಿ ಕಾರು ನಿಲ್ಲಿಸಲು ಹೇಳಿ ಆಕೆ ಅರ್ಧ ಲೋಟ ಟೀ ಕುಡಿದಳಂತೆ. ಫೋನು ತೆಗೆದು ಒಂದು ಕಾಯಿ ನಡೆಸಿ, "ಅವ್ವಂಗ ಇಟ್ಟಿವ್ನಿ, ನೋಡ್ಲಿ," ಎಂದಳಂತೆ. ಅದೇ ಆಕೆಯ ಕೊನೆಯ ಆಟ. ದೊಡ್ಡವ್ವ ಅದಕ್ಕೆ ತನ್ನ ಕಾಯಿ ನಡೆಸಿದ್ದಳು. ಆಮೇಲೆ ಸರದಿ ಮಗಳದು. ಪರದೆಯ ಮೇಲೆ ಮಗಳ ಹೆಸರು, ಅದರ ಪಕ್ಕ ಆರಿದ ದೀಪ. ದೊಡ್ಡವ್ವ ದಿನಾ ಸಂಜೆ ದೇವರಿಗೆ ಕೈಮುಗಿದು ಬಂದು ಆ ಮಣೆ ತೆರೆದು ನೋಡಿ ಮುಚ್ಚುತ್ತಿದ್ದಳು. ಅಳಿಮಯ್ಯನ ಫೋನಿನಲ್ಲೂ ಆ ಮಣೆ ಕಾಣುತ್ತಿತ್ತು, ನೋಡಬಹುದಿತ್ತು, ಮುಟ್ಟುವಂತಿರಲಿಲ್ಲ. ಮಗಳ ಫೋನನ್ನು ಬಟ್ಟೆಯಲ್ಲಿ ಸುತ್ತಿ ನಡುಮನೆಯ ಬೀರುವಿನಲ್ಲಿ ಇಟ್ಟಿದ್ದರು.

ಗುಮಟಾಪುರದಲ್ಲಿ ಸಗಣಿ ಎರಚಾಡುವ ಗೊರೆಹಬ್ಬ ಮುಗಿದ ಮೇಲಿನ ಒಂದು ಬೆಳಿಗ್ಗೆ ದೊಡ್ಡವ್ವನ ಫೋನು ಗುಂಯ್ ಎಂದಿತು. ಮಗಳ ಹೆಸರಿನ ಪಕ್ಕ ಹಸಿರು ದೀಪ. ಕಾಯಿ ನಡೆದಿತ್ತು.

ದೊಡ್ಡವ್ವ ಇದನ್ನು ನನಗೆ ಹೇಳಿದ್ದು ನಾಲ್ಕಾರು ದಿನ ಕಳೆದ ಮೇಲೆ, ಹಿತ್ತಿಲಲ್ಲಿ, ದನಿ ತಗ್ಗಿಸಿ. "ಅಳಿಮಯ್ಯ ಆಡ್ತಾವ್ರ ಕಣ ಮಗ, ಅವ್ಳ ಫೋನ್ ತಗ್ದು. ಬೇಕಂತ ನನ್ ಕಾಯ ಮುಂದ್ಕ ಇಟ್ಟಿ, ಕಡೀನಿಲ್ಲ. ಅವ್ಳಾಗಿದ್ರ ಬುಟ್ಟಾಳಾ? ಅತ್ತೆ ಕಾಯ ಎಂಗ್ ಕಡ್ಯಾದು ಅಂತ ಸುಮ್ಕ ಪಕ್ಕದ್ದ ನಡ್ಸವ್ರ. ಮರ್ವಾದಿ." ಹೇಳುವಾಗ ಆಕೆಯ ಮುಖ ತಿಳಿಯಾಗಿತ್ತು. ನೀನು ಕೇಳಿಬಿಡಬೇಡ, ನಾಚಿಕೊಂಡಾರು ಎಂದಳು. ಅಂದಿನಿಂದ ಆ ಮನೆಯ ಸಾರಿಗೆ ತುಪ್ಪದ ಒಗ್ಗರಣೆ ಬೀಳತೊಡಗಿತು. ಕಂಬಕ್ಕೆ ಹೇಳುವ ಮಾತುಗಳೂ ಹೆಚ್ಚಾದವು. ಚಳಿ ಜಾಸ್ತಿ ಅದೆ, ಹೊದೆಯೋರು ಹೊದೆಯಬಹುದು. ಬಾಳೆಹಣ್ಣು ಮಾಗವೆ, ತಿನ್ನೋರು ತಿನ್ನಬಹುದು. ಅಳಿಮಯ್ಯನೂ ಸಂಜೆ ಬೇಗ ಕೆಲಸ ಮುಚ್ಚಿ ನಡುಮನೆಯಲ್ಲಿ ಕೂರುತ್ತಿದ್ದ. ಒಬ್ಬರ ಮುಖ ಒಬ್ಬರು ನೋಡದೆ, ಒಂದೇ ಸೂರಿನಡಿ, ಇಬ್ಬರೂ ಯಾವುದಕ್ಕೋ ಕಿವಿಗೊಟ್ಟು ಕೂತಂತೆ ಇರುತ್ತಿದ್ದರು. ನನಗೆ ಅದನ್ನು ನೋಡುವುದೇ ಒಂದು ಸಮಾಧಾನ.

ಅಳಿಮಯ್ಯ ನನ್ನ ಹತ್ತಿರ ಬಾಯಿಬಿಟ್ಟದ್ದು ಅವರೆಕಾಯಿ ಸುಲಿಯುವ ಕಾಲದಲ್ಲಿ. ಆತ ನಮ್ಮ ಜಗಲಿಗೆ ಬಂದು ಕೂತು, ತಾನೂ ಒಂದು ಹಿಡಿ ಕಾಯಿ ಎಳೆದುಕೊಂಡ.

"ಅಕ್ಕ, ಅತ್ತೆ ಎರಡೂ ಕಡೆ ಅವರೇ ಆಡ್ತಾವ್ರೆ. ಬೀರುವಲ್ಲಿರೋ ಅವಳ ಫೋನ್ ತಗೊಂಡು."

ನನ್ನ ಕೈ ನಿಂತಿತು.

"ತಮ್ಮ ಕಾಯಿನ ತಾವೇ ಹೇಗೆ ಕಡಿಯಕ್ಕಾಗತ್ತೆ? ಅದಕ್ಕೇ ಬಿಟ್ಟು ಬಿಟ್ಟು ಹೋಗ್ತಾವ್ರೆ. ನೀವು ಕೇಳ್ಬೇಡಿ, ಕೇಳಿದ್ರೆ ನಿಲ್ಲಿಸ್ಬಿಡ್ತಾರೆ."

ಸಿಪ್ಪೆ ಹಸುವಿಗೆ ಹಾಕಿ, ಕೈ ತೊಳೆದು, ಆತ ಡೈರಿಯ ಕಡೆ ಹೋದದ್ದನ್ನು ನೋಡಿಕೊಂಡು ಎದುರು ಮನೆಗೆ ಹೋದೆ. ಬೀರು ತೆಗೆ ದೊಡ್ಡವ್ವ ಎಂದೆ. ಯಾಕೆ ಎಂದು ಕೇಳುತ್ತಲೇ ತೆಗೆದಳು. ಮಗಳ ಸೀರೆಗಳ ಕೆಳಗೆ ಬಟ್ಟೆಯ ಗಂಟು ಹಾಗೇ ಇತ್ತು. ಬಿಚ್ಚಿದರೆ, ಬ್ಯಾಟರಿ ಊದಿಕೊಂಡು ಫೋನಿನ ಬೆನ್ನು ಸೀಳಿತ್ತು. ಆ ಫೋನನ್ನು ಯಾರೂ ಮುಟ್ಟಿರಲಿಲ್ಲ. ಯಾರು ಮುಟ್ಟಿದ್ದರೂ ಅದು ಉರಿಯುವಂತಿರಲಿಲ್ಲ. ದೊಡ್ಡವ್ವ ಅದನ್ನೇ ನೋಡುತ್ತ, "ಅಂಗಾರ ಯಾರು ಆಡ್ತಾ ಇರಾದು?" ಎಂದಳು. ಆ ಹೊತ್ತಿಗೇ ಗೂಡಿನಲ್ಲಿದ್ದ ಆಕೆಯ ಫೋನು ಗುಂಯ್ ಎಂದಿತು. ಮಟಮಟ ಮಧ್ಯಾಹ್ನ, ಹೊರಗೆ ಬಿಸಿಲು.

ಅಳಿಮಯ್ಯನಿಗೆ ಹೇಳಿದೆ. ಆತ ನಿಂತಿದ್ದವನು ಹಾಗೇ ಮೆಟ್ಟಿಲ ಮೇಲೆ ಕೂತ. ನನಗೆ ದೆವ್ವವೋ ಪಿಶಾಚಿಯೋ ಎಂಬ ದಿಗಿಲು. ಆತನಿಗೆ ಅದು ಕ್ಷಣದಲ್ಲಿ ತಿಳಿದುಹೋಗಿತ್ತು. ರೀಚಾರ್ಜ್ ಮಾಡದ ನಂಬರನ್ನು ಫೋನಿನ ಕಂಪನಿಯವರು ಕೆಲವು ತಿಂಗಳು ಬಿಟ್ಟು ಬೇರೆಯವರಿಗೆ ಕೊಡುತ್ತಾರಂತೆ. ಆ ಬೇರೆಯವರು ಈ ಆಟ ಹಾಕಿಕೊಂಡಿದ್ದಾರೆ, ತಮ್ಮ ನಂಬರು ಒತ್ತಿದ್ದಾರೆ, ಗುಟ್ಟಿನ ಸಂಖ್ಯೆ ಅವರಿಗೇ ಹೋಗಿದೆ. ಬಾಗಿಲು ತೆರೆದುಕೊಂಡು, ಸತ್ತವಳ ಮಣೆಯ ಮುಂದೆ ಅವರನ್ನು ಕೂರಿಸಿಬಿಟ್ಟಿದೆ. ಆಟದ ಕ್ರಮ ಬಾರದವರಿರಬೇಕು, ಕಡಿಯದೆ ಬಿಟ್ಟರು.

"ಬೀಗ ಹಾಕಿದೀನಿ ಅಂತ ತಿಳ್ಕೊಂಡಿದ್ದೆ ಅಕ್ಕ. ಅದರ ಬೀಗದ ಕೈನ ಅಂಗಡಿಯವನು ಇನ್ನೊಬ್ಬರಿಗೆ ಕೊಡ್ತಾನೆ ಅನ್ನೋದು ಹೊಳೀಲೇ ಇಲ್ಲ."

ಆಮೇಲೆ ನನ್ನ ಫೋನು ಇಸಕೊಂಡು ಆ ನಂಬರು ಒತ್ತಿದ. ರಿಂಗಾಯಿತು. ಯಾರಾದರೂ ಎತ್ತುವ ಮೊದಲೇ ಕತ್ತರಿಸಿದ. ಮಾತಾಡಿಸಬಾರದಾ ಎಂದೆ. "ಯಾರಾದ್ರೂ ಹಲೋ ಅಂದ್ರೆ ಅದು ಅವಳ ದನಿ ಆಗಿರಲ್ಲ," ಎಂದ. ಫೋನು ನನ್ನ ಕೈಗೆ ಬಂದು ಇನ್ನೂ ಬೆಚ್ಚಗಿತ್ತು, ಅತ್ತಲಿಂದ ತಿರುಗಿ ಕರೆ ಬಂತು. ನನ್ನಲ್ಲಿ ಆ ನಂಬರು ಅವಳ ಹೆಸರಿನಲ್ಲೇ ಇತ್ತಲ್ಲ. ಅವಳ ಹೆಸರೇ ಮೂಡಿತು. ಅದು ನಿಲ್ಲುವವರೆಗೂ ನಾವಿಬ್ಬರೂ ನೋಡುತ್ತ ಕೂತೆವು.

ಮುಂದಿನ ದಿನಗಳೆಲ್ಲ ಆತ ನಮ್ಮ ತಾರಸಿಯ ಮೇಲೆ ನಿಂತು ಕಂಪನಿಯವರ ಜೊತೆ ತಮಿಳಿನಲ್ಲಿ ವಾದಿಸಿದ. ಹೀಗೆ ಇನ್ನೆಷ್ಟು ಜನರ ಮನೆಯೊಳಗೆ ಗೊತ್ತಿಲ್ಲದವರು ಹೊಕ್ಕಿದ್ದಾರೋ ಎಂಬುದು ಆತನ ವಾದ. ಬಾಗಿಲಲ್ಲಿ ಇನ್ನೊಂದು ಪ್ರಶ್ನೆ ಇಟ್ಟರೆ ಆಡುವವರು ಬೇಸತ್ತು ಓಡುತ್ತಾರೆ ಎಂಬುದು ಅವರ ವಾದ. ಆತ ಕ್ಯಾಲೆಂಡರಿನ ಹಾಳೆಗಳನ್ನು ಮತ್ತೆ ಹರಡಿದ. ಮೊದಲು 'ಇದು ನೀವೇನಾ?' ಎಂದು ಬರೆದಿದ್ದ. ಡೈರಿಯ ಮಾವ ಅದನ್ನು ಓದಿ, ನಾನಲ್ಲದೆ ಇನ್ಯಾರು, ಪೊಲೀಸಿನವರ ಹಾಗೆ ಕೇಳುತ್ತದಲ್ಲ ಎಂದು ಮುನಿಸಿಕೊಂಡರು. ಬರೆದು, ಹೊಡೆದುಹಾಕಿ, ಕೊನೆಗೆ ಒಂದು ಸಾಲಿಗೆ ಬಂದು ನಿಂತ: 'ಈ ನಂಬರು ನಿಮಗೆ ಹೊಸದೇ?' ಹೌದು ಎಂದರೆ ಹೊಸ ಮಣೆ. ಹಳೆಯ ಹೆಸರು, ಹಳೆಯ ಆಟ ಮುಚ್ಚಿಹೋಗುತ್ತದೆ. ಆ ಕಡೆಯವರು ಒಪ್ಪಿದರು. ಈಗಲೂ ಆ ಆಟ ಹಾಕಿಕೊಳ್ಳುವವರಿಗೆಲ್ಲ ಆ ಪ್ರಶ್ನೆ ಎದುರಾಗುತ್ತದೆ.

ಒಪ್ಪಿದ ದಿನ ಆತನ ಮುಖದಲ್ಲಿ ಗೆಲುವಿರಲಿಲ್ಲ. ಅವಳ ನಂಬರು ಸಿಕ್ಕವರಿಗೂ ಆ ಪ್ರಶ್ನೆ ಬಂದು, ಅವರು ಹೌದು ಎಂದ ದಿನ ಮಗಳ ಮಣೆ ಮುಚ್ಚುತ್ತದೆ. ದಿಂಬಂನಲ್ಲಿ ಆಕೆ ಇಟ್ಟ ಕಾಯಿಯೂ ಹೋಗುತ್ತದೆ. ಉಳಿಸಿಕೊಳ್ಳಲು ಒಂದು ದಾರಿಯಿತ್ತು. ಅದಕ್ಕೆ ಮೊದಲೇ ಆಕೆಯ ಹೆಸರಿಗೆ ತನ್ನ ನಂಬರು ಜೋಡಿಸಿಕೊಂಡರೆ, ಹೆಸರೂ ಆಟವೂ ಆತನ ಕೈಯಲ್ಲಿ ಉಳಿಯುತ್ತವೆ. ಏನು ಮಾಡಲಿ, ನೀವು ಅತ್ತೆಯನ್ನು ಕೇಳಿ ಹೇಳಿ ಎಂದು ನನ್ನ ಹತ್ತಿರ ಬಂದ. ಖಾರ ಹೆಚ್ಚಾಯಿತಾ ಎಂದು ಕೇಳಿ ಹೇಳುವ ಮಾತಲ್ಲ ಇದು. "ಇದ ನಾ ಕೇಳಕಾಗಲ್ಲ ಅಳಿಮಯ್ಯ. ಕಂಬಾನೂ ಕೇಳಲ್ಲ," ಎಂದೆ.

ಸಂಜೆ ದೊಡ್ಡವ್ವ ಜಗಲಿಯಲ್ಲಿ ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಳು. ನಾನೂ ಒಂದು ಕಡೆ ಕೂತಿದ್ದೆ. ಆತ ಬಂದು ಚಪ್ಪಲಿ ಬಿಟ್ಟು ನಿಂತು, "ಅತ್ತೆ," ಎಂದ. ಆಕೆ ಸೆರಗು ಎಳೆದುಕೊಂಡು ಎದ್ದು ಒಳಗೆ ಹೊರಟಳು. ಆತ ಮಾತು ನಿಲ್ಲಿಸಲಿಲ್ಲ. ನಾನೂ ಅಲ್ಲ, ನೀವೂ ಅಲ್ಲ, ಯಾರೋ ಎನ್ನುವುದರಿಂದ ಹಿಡಿದು ಎಲ್ಲವನ್ನೂ ಬಿಡಿಸಿ ಹೇಳಿದ. ಆಕೆ ಬೆನ್ನು ಮಾಡಿ ಬಾಗಿಲಲ್ಲೇ ನಿಂತಿದ್ದಳು. ಆಮೇಲೆ ಕದಕ್ಕೆ ಹೇಳುವ ಹಾಗೆ, "ಆಡ್ತಿರಾದು ಎಣ್ಣಾ, ಗಂಡಾ?" ಎಂದಳು.

"ಗೊತ್ತಿಲ್ಲ ಅತ್ತೆ. ನನ್ನ ನಂಬರ್ ಹಾಕಿದ್ರೆ ಅವಳ ಹೆಸರು ಹಾಗೇ ಇರತ್ತೆ. ಅವಳ ಕಡೆಯಿಂದ ನಾನು ಆಡ್ತೀನಿ. ನೀವು ಬೇಕು ಅಂದ್ರೆ."

ಆಕೆ ತಿರುಗಿದಳು. ಸೆರಗು ಜಾರಿತ್ತು, ಸರಿಮಾಡಿಕೊಳ್ಳಲಿಲ್ಲ. ಆತನ ಮುಖವನ್ನು ನೇರವಾಗಿ ನೋಡಿದಳು.

"ಅವ್ಳ ಎಸ್ರಲ್ಲಿ ಯಾರೂ ಆಡ್ಬ್ಯಾಡಿ. ಮುಚ್ಚೋಗ್ಲಿ." ಜಗಲಿಗೆ ಮರಳಿ, "ನಿಮ್ಮ ಎಸ್ರಲ್ಲಿ ಆಡಾದಾದ್ರ ಬನ್ನಿ, ಕೂತ್ಕಳಿ," ಎಂದಳು.

ಇದ್ದಿಲಿನಿಂದ ಜಗಲಿಯ ಮೇಲೆ ಮಣೆ ಬರೆದಳು. ನಾಲ್ಕು ಹುಣಸೆಬೀಜ ಆರಿಸಿ, ಒಂದೊಂದನ್ನೂ ಕಲ್ಲಿಗೆ ಉಜ್ಜಿ, ಒಂದು ಮಗ್ಗುಲು ಬೆಳ್ಳಗೆ ಮಾಡಿದಳು. ಉಜ್ಜುವಷ್ಟೂ ಹೊತ್ತು ಆತ ಎದುರಿಗೆ ಕೈಕಟ್ಟಿ ಕೂತಿದ್ದ. ಆಕೆಗೆ ಅವರೆಕಾಳು, ಆತನಿಗೆ ಕಲ್ಲಿನ ಹರಳು. ಅತ್ತೆ ಅಳಿಯ ಎದುರುಬದುರು ಕೂತದ್ದನ್ನು ಕಂಡು ಹಾದಿಯಲ್ಲಿ ಹೋಗುವವರು ಹೆಜ್ಜೆ ತಡೆದು ನೋಡಿದರು. ದೊಡ್ಡವ್ವ ಅತ್ತ ತಿರುಗಲಿಲ್ಲ.

ಆಟ ಒಂದೆರಡು ಸುತ್ತು ನಡೆಯಿತು. ಆತ ಬೀಜ ಎಸೆದ, ಮೂರು ಬಿತ್ತು. ಮೂರು ಮನೆ ದಾಟಿದರೆ ಸರಿಯಾಗಿ ಅತ್ತೆಯ ಕಾಳಿನ ಮೇಲೆ. ಆತನ ಬೆರಳು ಆ ಹರಳಿನ ಮೇಲೆ ತಡೆದು, ಪಕ್ಕದ ಹರಳಿಗೆ ಸರಿಯಿತು.

"ಕಡೀರಿ," ಎಂದಳು ದೊಡ್ಡವ್ವ.

ಆತ ತಲೆ ಎತ್ತಲಿಲ್ಲ.

"ಕಡೀರಿ ಅಂದಿ. ಅವ್ಳು ಬುಡ್ತಿರ್ನಿಲ್ಲ."

ಆತ ಕಡಿದ. ಕಾಳನ್ನು ಎತ್ತಿ ಆಕೆಯ ಪಕ್ಕದಲ್ಲಿ, ಮುಟ್ಟಿದರೆ ನೋಯುತ್ತದೇನೋ ಎನ್ನುವ ಹಾಗೆ, ಮೆಲ್ಲಗೆ ಇಟ್ಟ. ಕಡಿದವರಿಗೆ ಇನ್ನೊಂದು ಎಸೆತ ಸಿಗುತ್ತದೆ. ಎಸೆದ, ಎರಡು ಬಿತ್ತು, ನಡೆಸಿದ. ಗೂಡಿನಲ್ಲಿದ್ದ ಫೋನು ಗುಂಯ್ ಎಂದಿತು. ಎಲ್ಲೋ ಯಾರೋ ಅವಳ ಹೆಸರಿನಲ್ಲಿ ಕಾಯಿ ನಡೆಸಿ ಕಾಯುತ್ತಿದ್ದರು. ದೊಡ್ಡವ್ವ ಒಮ್ಮೆ ಗೂಡಿನ ಕಡೆ ನೋಡಿದಳು. ಈಗ ಎರಡು ಮಣೆಯಲ್ಲೂ ಸರದಿ ಆಕೆಯದೇ. ನೆಲದ ಮೇಲಿದ್ದ ಬೀಜಗಳನ್ನು ಅಂಗೈಗೆ ಬಳಿದುಕೊಂಡು ಕುಲುಕಿದಳು.